ಸಾಲ ತೀರಿಸಿದರೆ ಕಂಪನಿಗೆ ಬೆಲೆ ಬರುತ್ತದಾ?

ಮಾನ್ಯ ಸಂಪಾದಕರೇ,

'ಸಾಲ ಇಲ್ಲದ ಕಂಪನಿಯೇ ಗಟ್ಟಿ' ಎಂದು ಕಳೆದ ವಾರ ಓದುಗರೊಬ್ಬರು ಬರೆದಿದ್ದರು. ಪೆರ್ಲದಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮದು. ಲೆಕ್ಕ ಬರೆಯುವವನು ನಾನು. ಪಾಲಿನ ಮಾತು ಬಂದಾಗ ಅಣ್ಣನೂ ಹಾಗೇ ಹೇಳಿದ್ದ. "ತೋಟದ ಕೆಳಗಿನ ತುಂಡು ಮಾರಿ ಸಾಲ ತೀರಿಸುವ. ಕಂಪನಿಗೆ ಬೆಲೆ ಜಾಸ್ತಿ ಬರ್ತದೆ."

ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ. ಬಡ್ಡಿ, ತೆರಿಗೆಗೆ ಮೊದಲು ಲಾಭ 10 ಲಕ್ಷ ಅಂತ ಹಿಡಿಯಿರಿ. 2019ರಲ್ಲಿ ಬಂದ ಶೇ. 22ರ ದರ ಆರಿಸಿಕೊಂಡರೆ ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ ಸುಮಾರು ಶೇ. 25. ಸಾಲ ಇಲ್ಲದಿದ್ದರೆ ಎರಡೂವರೆ ಲಕ್ಷ ಸರಕಾರಕ್ಕೆ, ಏಳೂವರೆ ನಮಗೆ. ಅದೇ 40 ಲಕ್ಷ ಸಾಲಕ್ಕೆ ಶೇ. 10ರಂತೆ 4 ಲಕ್ಷ ಬಡ್ಡಿ ಕಟ್ಟಿದರೆ, ಅದನ್ನು ಖರ್ಚಿನಲ್ಲಿ ತೋರಿಸಬಹುದು. ಉಳಿದ 6 ಲಕ್ಷಕ್ಕೆ ತೆರಿಗೆ ಒಂದೂವರೆ. ನಮಗೆ ನಾಲ್ಕೂವರೆ, ಬ್ಯಾಂಕಿಗೆ 4, ಒಟ್ಟು ಎಂಟೂವರೆ. ಹಾಳೆ ಅದೇ, ಅಚ್ಚು ಅದೇ, ಕೆಲಸದವರೂ ಅವರೇ. ದುಡ್ಡು ಹಾಕಿದವರ ಕೈಗೆ ಬಂದದ್ದು ಮಾತ್ರ 1 ಲಕ್ಷ ಜಾಸ್ತಿ. ಷೇರುದಾರರಿಗೆ ಹಂಚುವ ಲಾಭಕ್ಕೆ, ಅಂದರೆ ಡಿವಿಡೆಂಡಿಗೆ, ಈ ರಿಯಾಯಿತಿ ಇಲ್ಲ.

ತೆರಿಗೆ ಇಲ್ಲದಿದ್ದರೆ ಸಾಲದಿಂದ ಕಂಪನಿಯ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲೇ ವಾದಿಸಿದ್ದರು. 1963ರಲ್ಲಿ ತೆರಿಗೆಯ ಲೆಕ್ಕ ತಿದ್ದಿದರು. ಸಾಲ ಯಾವತ್ತೂ ಹಾಗೇ ಇದ್ದರೆ, ಅದರ ಮೊತ್ತಕ್ಕೆ ತೆರಿಗೆ ದರ ಗುಣಿಸಿದಷ್ಟು ಬೆಲೆ ಜಾಸ್ತಿ. ನಮ್ಮ 40 ಲಕ್ಷಕ್ಕೆ 10 ಲಕ್ಷ!

ಅಣ್ಣ ಕನ್ನಡಕ ಏರಿಸಿ ನೋಡಿದ. "ಹಾಗಾದ್ರೆ 80 ಲಕ್ಷವೇ ತೆಗೆಯುವ, ಅಲ್ವಾ?"

ತೊಡಕು ಇರುವುದೇ ಅಲ್ಲಿ. ಆಗ ಬಡ್ಡಿಯೇ 8 ಲಕ್ಷ. ಮಳೆಗೆ ಮೊದಲು ಹಾಳೆ ಕೊಂಡು, ಒಣಗಿಸಿ ರಾಶಿ ಹಾಕಬೇಕು. ಶೀಟು ಒಂದು ಕಡೆ ಸೋರಿದರೂ ರಾಶಿಗೇ ಬೂಸ್ಟು. ಅದರ ಮೇಲೆ 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಳೆ ತಟ್ಟೆ ಊಟಕ್ಕೆ ತಕ್ಕದ್ದಲ್ಲ ಅಂದಿತು. ಆರ್ಡರ್ ನಿಂತರೂ ಕಂತು ನಿಲ್ಲುವುದಿಲ್ಲ. ಲಾಭವೇ ಇಲ್ಲದ ವರ್ಷ ಬಡ್ಡಿ ತೋರಿಸಿ ಉಳಿಸಲು ತೆರಿಗೆಯಾದರೂ ಎಲ್ಲಿದೆ? ಬ್ಯಾಂಕು ಬಾಗಿಲು ಹಾಕಿಸಿದರೆ ಮೆಷಿನು ಗುಜರಿ ರೇಟಿಗೆ.

ತೋಟ ಮಾರಲಿಲ್ಲ, ಸಾಲವನ್ನೂ ಏರಿಸಲಿಲ್ಲ. ಪಾಲಿಗೆ ಬೆಲೆ ಕಟ್ಟುವಾಗ ಆ 10 ಲಕ್ಷವನ್ನು ಪೂರ್ತಿ ಹಿಡಿಯಲಿಲ್ಲ. ನಮ್ಮದು 7 ವರ್ಷದ ಕಂತಿನ ಸಾಲ, ವರ್ಷ ವರ್ಷ ಬಡ್ಡಿ ಕರಗುತ್ತದೆ. ಹೀಗೆ ಉಳಿತಾಯವಾಗುವ ತೆರಿಗೆಯನ್ನು ಇವತ್ತಿನ ಬೆಲೆಗೆ ತಂದರೆ ಬರೀ 3 ಲಕ್ಷ. ಅಣ್ಣ ಇನ್ನೂ ಗೊಣಗುತ್ತಾನೆ.

— ಹಾಳೆ ತಟ್ಟೆಯ ಲೆಕ್ಕದವನು, ಪೆರ್ಲ, ಕಾಸರಗೋಡು