ವರ್ಷ ಕೇಳಬೇಡ, ಎಷ್ಟನೇ ಕ್ಲಾಸು ಅಂತ ಕೇಳು

ಪ್ರೀತಿಯ ಮಗಳೇ,

ಮನೆಯ ಹಿರಿಯರ ಬಾಲ್ಯದ ಕ್ರಿಸ್‌ಮಸ್ ನೆನಪುಗಳನ್ನು, ಅದರಲ್ಲೂ ಯುದ್ಧ, ಕರ್ಫ್ಯೂ, ಕೈಖಾಲಿ ವರ್ಷಗಳದ್ದನ್ನು, ಬರೆದಿಡುತ್ತೇನೆ ಅಂದಿದ್ದೀಯ. ಖಂಡಿತ ಬರೆ. ಆದರೆ "ಆಗಿನ ಹಬ್ಬ ಹೇಗಿತ್ತು?" ಅಂತ ಮಾತ್ರ ಶುರು ಮಾಡಬೇಡ. "ಕಷ್ಟ ಇತ್ತು, ಆದ್ರೂ ಖುಷಿಯಾಗಿದ್ವಿ" ಅನ್ನುತ್ತಾರೆ. ಹತ್ತು ಜನರನ್ನು ಕೇಳಿದರೂ ಅದೇ ಉತ್ತರ, ನಿನ್ನ ನೋಟ್‌ಬುಕ್ಕಿಗೆ ಒಂದು ಸಾಲೂ ದಕ್ಕುವುದಿಲ್ಲ.

ಚಿಕ್ಕ ಪ್ರಶ್ನೆ ಕೇಳು. 24ರ ಸಂಜೆ ದೀಪ ಯಾವುದು? ಬಾಗಿಲ ಚಿಲಕ ಎಷ್ಟು ಹೊತ್ತಿಗೆ ಹಾಕುತ್ತಿದ್ದರು? ಆ ಸಲ ಯಾರು ಬರಲಿಲ್ಲ? ಹಿಂದಿನ ವರ್ಷ ಇದ್ದು ಈ ವರ್ಷ ಇಲ್ಲದೇ ಹೋದದ್ದು ಏನು? "ಹೊರಗೆ ಯಾರಿಗೂ ಹೇಳ್ಬೇಡ" ಅಂತ ಯಾವುದರ ಬಗ್ಗೆ ಹೇಳಿದ್ದರು? ಈ ಕೊನೆಯ ಪ್ರಶ್ನೆಯನ್ನು ಎರಡನೇ ಭೇಟಿಗೆ ಇಟ್ಟುಕೋ. ಮಾತು ನಿಂತರೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು ಆ ಮನೆಯ ನಕ್ಷೆ ಬರೆಸು: ಬಾಗಿಲು, ಒಲೆ, ಯಾರು ಎಲ್ಲಿ ಮಲಗುತ್ತಿದ್ದರು. ಗೆರೆ ಎಳೆಯುತ್ತ ಎಳೆಯುತ್ತ ಮಾತು ತಾನಾಗಿ ಬರುತ್ತದೆ. ಉತ್ತರ ಕೊಟ್ಟ ಮೇಲೂ ಮನಸ್ಸಿನಲ್ಲೇ ಹತ್ತು ಎಣಿಸಿ ಸುಮ್ಮನಿರು, ಮುಖ್ಯವಾದದ್ದು ಎಷ್ಟೋ ಸಲ ಆ ಹತ್ತರೊಳಗೇ ಬರುವುದು.

ಏಳು ವರ್ಷದ ಮಗು ಕಂಡದ್ದೂ ಹದಿನೈದರ ಹುಡುಗ ಕಂಡದ್ದೂ ಒಂದೇ ಮನೆಯ ಒಂದೇ ಹಬ್ಬವಾದರೂ ಬೇರೆ ಬೇರೆ. ಮಗುವಿಗೆ ವಸ್ತುಗಳು, ವಾಸನೆ, ದೊಡ್ಡವರ ದನಿ ಇಳಿದದ್ದು ನೆನಪಿರುತ್ತದೆ. ಹದಿಹರೆಯದವರಿಗೆ ಸಾಲ, ಜಗಳ, ನೆರೆಯವರ ಮುಂದೆ ಆದ ನಾಚಿಕೆ. ಸುಮಾರು ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ವಯಸ್ಸಾದ ಮೇಲೂ ಉಳಿದವಕ್ಕಿಂತ ಹೆಚ್ಚು ದಟ್ಟವಾಗಿರುತ್ತವೆ ಅಂತ ಮನಶ್ಶಾಸ್ತ್ರದವರೂ ಕಂಡುಕೊಂಡಿದ್ದಾರೆ. ಎರಡು, ಮೂರು ವರ್ಷದವಳಿದ್ದಾಗಿನದ್ದು ಅಂತ ಯಾರಾದರೂ ವಿವರವಾಗಿ ಹೇಳಿದರೆ ಅದು ಹೆಚ್ಚಿನಂಶ ಬೇರೆಯವರಿಂದ ಕೇಳಿದ ಕಥೆ. ಬರೆದುಕೋ, ಪಕ್ಕದಲ್ಲಿ "ಕೇಳಿದ್ದು" ಅಂತ ಗುರುತು ಹಾಕು. ಅಣ್ಣ ತಂಗಿಯರ ಮಾತು ತಾಳೆಯಾಗದಿದ್ದರೆ ಎರಡನ್ನೂ ಕಲಸಿ ಒಂದು ಮಾಡಬೇಡ, ಹೆಸರು ಹಾಕಿ ಎರಡನ್ನೂ ಇಡು. ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ಹಬ್ಬವೇ ಎಲ್ಲರ ಹಬ್ಬವಾಗಿಬಿಡುತ್ತದೆ, ಆದ್ದರಿಂದ ಒಬ್ಬೊಬ್ಬರನ್ನೇ ಕೇಳು.

ಫೋಟೋ ಮೊದಲೇ ತೋರಿಸಬೇಡ. 2002ರಲ್ಲಿ ಒಂದು ಪ್ರಯೋಗ ನಡೆಯಿತು. 20 ಜನರಿಗೆ, ಅವರು ಬಾಲ್ಯದಲ್ಲಿ ಬಿಸಿಗಾಳಿ ಬಲೂನು ಹತ್ತಿದಂತೆ ಕೃತಕವಾಗಿ ಸೇರಿಸಿದ ಫೋಟೋ ತೋರಿಸಿದರು. ಮೂರು ಭೇಟಿಗಳಲ್ಲಿ ಅರ್ಧದಷ್ಟು ಜನ ಎಂದೂ ಹತ್ತದ ಆ ಬಲೂನನ್ನು ಪೂರ್ತಿಯಾಗಿಯೋ ಅಲ್ಪಸ್ವಲ್ಪವೋ "ನೆನಪಿಸಿಕೊಂಡರು". ಮೊದಲು ಮಾತು ಮುಗಿಯಲಿ, ಆಮೇಲೆ ಆಲ್ಬಮ್. "ನಿನ್ನೆ ನಡೆದ ಹಾಗಿದೆ" ಅನ್ನುವುದನ್ನೂ ಸಾಕ್ಷಿ ಅಂದುಕೊಳ್ಳಬೇಡ. 1986ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಸಿಡಿದ ಮರುದಿನವೇ ವಿದ್ಯಾರ್ಥಿಗಳಿಂದ ಸುದ್ದಿ ಹೇಗೆ ತಿಳಿಯಿತೆಂದು ಬರೆಸಿಕೊಂಡು, ಎರಡೂವರೆ ವರ್ಷದ ಮೇಲೆ ಮತ್ತೆ ಕೇಳಿದಾಗ ಹಲವರು ತಮ್ಮದೇ ಬರಹಕ್ಕೆ ತೀರಾ ವಿರುದ್ಧವಾದದ್ದನ್ನು ಪೂರ್ತಿ ನಂಬಿಕೆಯಿಂದ ಹೇಳಿದರು. ಭಯದ ದಿನಗಳ ನೆನಪಿಗೆ ಇದು ಇನ್ನೂ ಹತ್ತಿರದ ಮಾತು.

ವರ್ಷ ಹಿಡಿಯುವುದೇ ಕಷ್ಟ. ಇಸವಿ ಕೇಳಿದರೆ ಊಹೆ ಹೇಳುತ್ತಾರೆ. ಎಷ್ಟನೇ ಕ್ಲಾಸು, ಯಾವ ಮನೆ, ಯಾವ ತಮ್ಮ ಹುಟ್ಟಿರಲಿಲ್ಲ ಅಂತ ಕೇಳಿದರೆ ಒಂದೆರಡು ವರ್ಷದೊಳಗೆ ಬಂದು ನಿಲ್ಲುತ್ತದೆ. ಉಳಿದದ್ದಕ್ಕೆ ವಾರ ಹಿಡಿ. ಡಿಸೆಂಬರ್ 25ರ ವಾರ ಪ್ರತಿವರ್ಷ ಒಂದು ದಿನ ಮುಂದೆ ಹೋಗುತ್ತದೆ, ಅಧಿಕ ವರ್ಷದಲ್ಲಿ ಎರಡು. 1971ರಲ್ಲಿ ಶನಿವಾರ, 1972ರಲ್ಲಿ ಸೀದಾ ಸೋಮವಾರ. ಹಾಗಾಗಿ 1966ರ ಭಾನುವಾರದ ಕ್ರಿಸ್‌ಮಸ್ ಆದ ಮೇಲೆ 1977ರವರೆಗೆ ಇನ್ನೊಂದು ಭಾನುವಾರದ ಕ್ರಿಸ್‌ಮಸ್ ಇಲ್ಲ. "ಅವತ್ತು ಭಾನುವಾರ, ಆರಾಧನೆ ಒಂದೇ ಆಯ್ತು" ಅಂದವರ ಇಸವಿ 1973 ಆಗಲಾರದು. ಚಂದ್ರನೂ ಸಹಾಯಕ್ಕೆ ಬರುತ್ತಾನೆ. ದೀಪವಿಲ್ಲದ ರಾತ್ರಿ ಬೆಳದಿಂಗಳಲ್ಲಿ ನಡೆದೆವು ಅಂದರೆ ಪಂಚಾಂಗ ನೋಡು: 1973ರ ಡಿಸೆಂಬರ್ 24 ಅಮಾವಾಸ್ಯೆ, 1977ರ 25 ಹುಣ್ಣಿಮೆ. ತಪ್ಪು ಸಿಕ್ಕಿತೆಂದು ಎದುರಿಗೆ ತಿದ್ದಲು ಹೋಗಬೇಡ, ಬಾಯಿ ಕಟ್ಟಿಹೋಗುತ್ತದೆ. ಅಂಚಿನಲ್ಲಿ ಬರೆದುಕೋ ಸಾಕು.

ಧ್ವನಿಮುದ್ರಣಕ್ಕೆ ಫೋನು ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ, ಬಾಯಿಂದ ಒಂದಡಿ ದೂರ ಇಡು. ಬರೀ ಮೇಜಿನ ಮೇಲಿಟ್ಟರೆ ಕೈ ಬಡಿದದ್ದೆಲ್ಲ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸು. ಶುರುವಿನಲ್ಲೇ ದಿನಾಂಕ, ಹೆಸರು, ಹುಟ್ಟಿದ ವರ್ಷ ನಿನ್ನ ಬಾಯಲ್ಲೇ ಹೇಳು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್ ಕಡತ (ದನಿಯನ್ನು ಕುಗ್ಗಿಸದೆ ಇಡುವ ಬಗೆ) ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಮೊದಲೇ ಜಾಗ ಮಾಡಿಕೋ. ಮುಕ್ಕಾಲು ಗಂಟೆ ದಾಟಿಸಬೇಡ. ಒಂದು ಗಂಟೆಯ ಮಾತು ಬರೆಯಲು ನಾಲ್ಕರಿಂದ ಆರು ಗಂಟೆ ಬೇಕು. ಬರೆಯುವಾಗ ಅವರ ಆಡುಮಾತನ್ನು ಪುಸ್ತಕದ ಕನ್ನಡ ಮಾಡಲು ಹೋಗಬೇಡ, ದಯವಿಟ್ಟು. "ಹೆದ್ರಿಕಿ" ಅಂದರೆ "ಹೆದ್ರಿಕಿ" ಅಂತಲೇ ಇರಲಿ. ಫೋಟೋಗಳನ್ನು 600 ಡಿಪಿಐಗೆ, ಅಂದರೆ ಅಂಗುಲಕ್ಕೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡು, ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆ. ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ.

ಅತ್ತರೆ? "ಬಿಡಿ ಬಿಡಿ, ಬೇರೆ ಮಾತಾಡೋಣ" ಅನ್ನಬೇಡ. ನೀರು ಕೊಡು, "ನಿಲ್ಲಿಸಲಾ?" ಅಂತ ಕೇಳು, ಅವರು ಹೇಳಿದ ಹಾಗೆ ಮಾಡು. ಗಲಭೆಯ ದಿನಗಳ ಮಾತಲ್ಲಿ ಬಾಗಿಲು ತೆರೆದವರ ಹೆಸರೂ ಬರುತ್ತದೆ, ಮುಚ್ಚಿಕೊಂಡವರ ಹೆಸರೂ ಬರುತ್ತದೆ. ಅವರ ಮಕ್ಕಳು ಇನ್ನೂ ಇದ್ದಾರೆ. ಮನೆಮಂದಿಗೆ ಹಂಚುವ ಪ್ರತಿಯಲ್ಲಿ ಅಂಥ ಹೆಸರು ತೆಗೆ, ಮೂಲವನ್ನು ಬೇರೆಯಾಗಿ ಮುಚ್ಚಿಡು. ಯಾವ ಭಾಗ ಯಾರಿಗೆ ಅಂತ ಹೇಳಿದವರಿಂದಲೇ ಕೇಳಿ, ಆ ಒಪ್ಪಿಗೆಯನ್ನೂ ಧ್ವನಿಮುದ್ರಿಸಿಕೋ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಮನೆಯಲ್ಲಿ.

ಹಬ್ಬದ ದಿನ ಕೂರಬೇಡ, ಗದ್ದಲ. 27ಕ್ಕೋ 28ಕ್ಕೋ ಬೆಳಗ್ಗೆ, ತಿಂಡಿಯಾದ ಮೇಲೆ, ಎಲ್ಲರಿಗಿಂತ ಹಿರಿಯರಿಂದ ಶುರು ಮಾಡು. ಅವರಿಗೆ ಎಡಗಿವಿ ಮಂದ ಅನ್ನುವುದು ನಿನಗೆ ಗೊತ್ತಲ್ಲ, ಬಲಕ್ಕೆ ಕೂತುಕೋ.

ನಿನ್ನ ದೊಡ್ಡಪ್ಪ