ತೈ ಚಿ ಕಲಿಯಲು ಸಮತಟ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನನಗೀಗ 62 ವರ್ಷ. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದೆ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಬಡಾವಣೆಯ ಉದ್ಯಾನದಲ್ಲಿ ತೈ ಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ಕಲಿಯುತ್ತಿದ್ದೇನೆ. ನಾವು ಏಳು ಜನ. ಒಬ್ಬರನ್ನು ಬಿಟ್ಟು ಎಲ್ಲರೂ ಅರವತ್ತು ದಾಟಿದವರು.

ಮೊದಲು ಮೊಬೈಲ್ ನೋಡಿಕೊಂಡೇ ಕಲಿಯಲು ಹೋಗಿದ್ದೆ. ನಿಧಾನಕ್ಕೆ ಕೈಕಾಲು ಆಡಿಸುವುದು ತಾನೇ, ಇದಕ್ಕೆ ಮಾಸ್ತರು ಯಾಕೆ ಅಂದುಕೊಂಡೆ. ವಿಡಿಯೊದವರು ನನ್ನ ಕಡೆ ಮುಖ ಮಾಡಿ ನಿಂತಿರುತ್ತಿದ್ದರು, ಬಲ ಎಡ ಗೊತ್ತಾಗುತ್ತಿರಲಿಲ್ಲ. ತಿರುಗಿದರೆ ಮೊಬೈಲ್ ಬೆನ್ನ ಹಿಂದೆ. ಮೂರೇ ವಾರಕ್ಕೆ ಎಡ ಮೊಣಕಾಲು ಬಾತುಕೊಂಡಿತು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು.

ಈಗಿನ ಗುರುಗಳು ಇಪ್ಪತ್ತು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದವರು. ಮೊದಲ ದಿನ ಒಂದೇ ಒಂದು ಹೆಜ್ಜೆ ಹಾಕಿಸಿದರು. "ಅಕ್ಕಾರ, ಬೆರಳು ಯಾ ಕಡೆ ನೋಡ್ತಾವ, ಮೊಣಕಾಲೂ ಆ ಕಡೆನ ನೋಡ್ಬೇಕ್ರಿ" ಅಂದರು. ಬಗ್ಗಿ ನೋಡಿದೆ. ಪಾದ ನೆಟ್ಟಗಿತ್ತು, ಮೊಣಕಾಲು ಒಳಕ್ಕೆ ಹೊರಳಿತ್ತು. ಈ ಮಾತು ವಿಡಿಯೊದಲ್ಲೂ ಇತ್ತು. ಆದರೆ ನನ್ನ ಮೊಣಕಾಲನ್ನು ಅದು ನೋಡಲಾರದು, ಅಲ್ವಾ?

ಎರಡನೇ ವಾರ ಹಳೆಯ ಪೇಪರಿನ ಹಾಳೆಯೊಂದನ್ನು ನೆಲಕ್ಕೆ ಹಾಸಿದರು. ಒಂದು ಹೆಜ್ಜೆ ಮುಂದಿಟ್ಟು ಹಿಮ್ಮಡಿ ಮಾತ್ರ ಅದರ ಮೇಲೆ ಊರಿ ಅಂದರು. ಊರಿದೆ. ಹಾಳೆ ಎಳೆದರು, ಪರ್ರನೆ ಹರಿಯಿತು. ಮೈಭಾರ ಆಗಲೇ ಮುಂದಿನ ಕಾಲಿಗೆ ಬಂದುಬಿಟ್ಟಿತ್ತು. ಭಾರ ಪೂರ್ತಿ ಹಿಂದಿನ ಕಾಲಲ್ಲೇ ಇರಬೇಕು, ಮುಂದಿನದು ಖಾಲಿ. ಹಿಮ್ಮಡಿ ನೆಲ ಮುಟ್ಟಿ, ಅಂಗಾಲು ಕೂತ ಮೇಲೆಯೇ ಭಾರ ಮೆಲ್ಲಗೆ ಮುಂದಕ್ಕೆ ಬರಬೇಕು. ಹನ್ನೊಂದು ದಿನ ಹಾಳೆ ಹರಿಯಿತು. ಹನ್ನೆರಡನೇ ದಿನ ಇಡಿಯಾಗಿ ಜಾರಿ ಅವರ ಕೈಗೆ ಬಂತು. ಆ ಹಾಳೆಯನ್ನು ಮಡಿಚಿ ಮನೆಗೆ ತಂದು ಇಟ್ಟುಕೊಂಡಿದ್ದೇನೆ.

ರಾತ್ರಿ ಬಚ್ಚಲಿಗೆ ಹೋಗುವಾಗ ವಯಸ್ಸಾದವರು ಬೀಳುವುದು ಹೆಚ್ಚಾಗಿ ಹೀಗೇ ಅಂತ ಈಗ ಅನಿಸುತ್ತದೆ. ನೆಲ ಒದ್ದೆಯೋ ಒಣವೋ ತಿಳಿಯುವ ಮೊದಲೇ ಭಾರ ಹಾಕಿಬಿಡುತ್ತೇವೆ. ಮೈ ನಡುಗಿಸಿ ನಡಿಗೆ ಕೆಡಿಸುವ ಪಾರ್ಕಿನ್ಸನ್ ಕಾಯಿಲೆಯ 195 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲದಂತೆ ಆರು ತಿಂಗಳು ತೈ ಚಿ ಮಾಡಿದವರ ಸಮತೋಲ ಸುಧಾರಿಸಿತ್ತು. ಬರೀ ಕೈಕಾಲು ಎಳೆದು ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದೂ ಕಡಿಮೆಯಾಗಿತ್ತು.

ನಾವು ಕಲಿಯುವುದು 1956ರಲ್ಲಿ ಚೀನಾದಲ್ಲಿ ತೈ ಚಿಯ ಯಾಂಗ್ ಶೈಲಿಯಿಂದ ಆಯ್ದು, ಎಲ್ಲರೂ ಮಾಡಲಿ ಅಂತ ಜೋಡಿಸಿದ 24 ಭಂಗಿಗಳ ಪಾಠ. ಪೂರ್ತಿ ಮಾಡಲು ಐದಾರು ನಿಮಿಷ ಸಾಕು. ನಾಲ್ಕು ತಿಂಗಳಾದರೂ ನಾನಿನ್ನೂ ಎಂಟನೆಯದರಲ್ಲಿದ್ದೇನೆ. ಗುಬ್ಬಿಯ ಬಾಲ ಹಿಡಿಯುವುದು ಅಂತ ಅದರ ಹೆಸರು. ಅವಸರವಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಎದುರು ಕೂತು ಸಂಗೀತ ಕಲಿತವರು. ಗುರುವಿನ ಕಣ್ಣೆದುರು ಕಲಿಯುವುದು ಅಂದರೇನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ನಾನು ಬರೆಯಲು ಕಾರಣ. ನಾವು ನಿಲ್ಲುವ ಕಡೆ ಹಾಸಿದ ಸಿಮೆಂಟ್ ಬಿಲ್ಲೆಗಳು ಎದ್ದಿವೆ. ಹೋದ ತಿಂಗಳು ನಮ್ಮ ಗುಂಪಿನ ಹಿರಿಯರೊಬ್ಬರು ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬೀಳದಿರುವುದನ್ನು ಕಲಿಯಲು ಬಂದವರಿಗೆ ಹೀಗಾಗಬಾರದಿತ್ತು. ನನಗೆ ಬಹಳ ನೋವಾಯಿತು. ಜೂನ್ ಬಂದರಂತೂ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪಾಠವೇ ನಿಲ್ಲುತ್ತದೆ. ಅವಳಿ ನಗರದ ಉದ್ಯಾನಗಳ ಉಸ್ತುವಾರಿ ಹೊತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಉದ್ಯಾನದಲ್ಲೂ ಇಪ್ಪತ್ತು ಅಡಿ ಉದ್ದಗಲದ ಒಂದು ಸಮತಟ್ಟು ಜಾಗ ಮಾಡಿಕೊಡಿ. ಮೇಲೊಂದು ತಗಡಿನ ಚಪ್ಪರ ಹಾಕಿಸಿ, ಬೆಳಕು ಹರಿಯುವವರೆಗೆ ಒಂದು ದೀಪ ಉರಿಯಲಿ. ನಮ್ಮ ಗುರುಗಳು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಜಾಗ ಸಿಕ್ಕರೆ ಸಂಜೆಯೂ ಒಂದು ಪಾಠ ಮಾಡುತ್ತೇನೆ ಅಂದಿದ್ದಾರೆ.

– ನಿವೃತ್ತ ಶಿಕ್ಷಕಿ, ಸಪ್ತಾಪುರ, ಧಾರವಾಡ