ಚಪ್ಪಾಳೆ ಬಂದಾಗ ಫಾರ್ವರ್ಡ್ ಒತ್ತಬೇಡ

ಪ್ರೀತಿಯ ಗೆಳೆಯಾ,

ಮಗಳು ಗಿಟಾರ್ ಕ್ಲಾಸಿಗೆ ಸೇರಿದ್ದಾಳೆ ಅಂತ ಓದಿ ಆದ ಖುಷಿ ಎಷ್ಟು ಅಂದರೆ, ಊಟದ ತಟ್ಟೆ ತೊಳೆದಿಟ್ಟವನೇ ಈ ಪತ್ರಕ್ಕೆ ಕೂತೆ. ಅಮೆರಿಕದ ಕಪ್ಪು ಜನ ಕಟ್ಟಿದ ಬ್ಲೂಸ್ ಸಂಗೀತವನ್ನ ಗಿಟಾರಿನಲ್ಲಿ ನುಡಿಸಿದವರಲ್ಲಿ ಯಾರನ್ನ ಮೊದಲು ಕೇಳಿಸಲಿ, ನಾಲ್ಕು ಒಳ್ಳೆ ರೆಕಾರ್ಡಿಂಗ್ ಹೇಳು ಅಂದಿದ್ದೀಯ. ಕೊನೆಗೊಂದು ಷರತ್ತು ಬೇರೆ: 'ಸ್ಟುಡಿಯೋದಲ್ಲಿ ಮಾಡಿದ್ದೇ ಹೇಳು, ಜನರ ಗಲಾಟೆ ಇರೋದು ಬೇಡ.' ಅದನ್ನ ಓದುತ್ತಲೇ ಹಾಸ್ಟೆಲಿನ ಕಿಟಕಿಯಲ್ಲಿ ಇಡುತ್ತಿದ್ದ ನಮ್ಮ ಟೇಪ್ ರೆಕಾರ್ಡರ್ ಕಣ್ಣ ಮುಂದೆ ಬಂತು. ಹಾಡು ಮುಗಿದು ಚಪ್ಪಾಳೆ ಶುರುವಾಗೋ ಹೊತ್ತಿಗೆ ನಿನ್ನ ಬೆರಳು ಫಾರ್ವರ್ಡ್ ಗುಂಡಿಯ ಮೇಲಿರುತ್ತಿತ್ತು. ಹಾಡಿಲ್ಲದ ಟೇಪು ಯಾಕೆ ಓಡಬೇಕು ಅನ್ನೋದು ನಿನ್ನ ವಾದ.

ಈ ಷರತ್ತನ್ನ ಮಾತ್ರ ನಾನು ಒಪ್ಪೋದಿಲ್ಲ ಮಾರಾಯ. ಬ್ಲೂಸ್ ಹುಟ್ಟಿದ್ದೇ ಒಬ್ಬರು ಹೇಳಿ ಇನ್ನೊಬ್ಬರು ಉತ್ತರ ಕೊಡುವ ಜಾಗದಲ್ಲಿ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ, ಕಪ್ಪು ಜನರ ಚರ್ಚುಗಳಲ್ಲಿ ಒಬ್ಬರು ಒಂದು ಸಾಲು ಎತ್ತಿದರೆ ಉಳಿದವರು ಅದಕ್ಕೆ ತಿರುಗಿ ದನಿ ಕೊಡುತ್ತಿದ್ದರು. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದೇ ಹೋದರೆ 'ನಿದ್ದೆ ಬಂತಾ?' ಅಂತ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳಲ್ಲ, ಹಾಗೆ. ಹೂಂಗುಟ್ಟುವವರನ್ನ ತೆಗೆದುಹಾಕಿದರೆ ಉಳಿಯೋದು ಅರ್ಧ ಹಾಡು. ಮಗಳಿಗೆ ಆ ಅರ್ಧವನ್ನಷ್ಟೇ ಕೊಡಬೇಡ.

ಬ್ಲೂಸ್ ಗಾಯಕ, ಗಿಟಾರಿಗ ಬಿ.ಬಿ. ಕಿಂಗ್ ಅವರಿಂದಲೇ ಶುರುಮಾಡು. 1964ರ ನವೆಂಬರ್ 21, ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿದ್ದ ರೀಗಲ್ ಥಿಯೇಟರ್. ಎದುರಿಗೆ ಕೂತವರು ಬಹುಪಾಲು ಕಪ್ಪು ಜನ, ಅವರಲ್ಲಿ ಎಷ್ಟೋ ಮಂದಿ ಇವರ ಹಾಗೇ ದಕ್ಷಿಣದ ಹಳ್ಳಿ ಬಿಟ್ಟು ಬಂದವರು. ಬಿ.ಬಿ. ಕಿಂಗ್ ಹಾಡುತ್ತಲೇ ನುಡಿಸುತ್ತಿದ್ದವರಲ್ಲ. ಒಂದು ಸಾಲು ಹಾಡಿ ಬಾಯಿ ಮುಚ್ಚಿದರೆ ಮುಂದಿನ ಸಾಲು ಗಿಟಾರಿನದು. ಆ ಗಿಟಾರಿಗೆ ಲುಸಿಲ್ ಅಂತ ಹೆಸರು. 1949ರ ಚಳಿಗಾಲದಲ್ಲಿ ಅರ್ಕಾನ್ಸಾಸ್‌ನ ಟ್ವಿಸ್ಟ್ ಅನ್ನೋ ಸಣ್ಣ ಊರಿನ ಕುಣಿತದ ಮನೆಯೊಂದರಲ್ಲಿ ಇಬ್ಬರು ಹೊಡೆದಾಡಿ, ಬೆಚ್ಚಗಿರಲಿ ಅಂತ ಸೀಮೆಎಣ್ಣೆ ಉರಿಸಿಟ್ಟಿದ್ದ ಡ್ರಮ್ಮನ್ನ ಉರುಳಿಸಿದರು. ಬೆಂಕಿ ಹತ್ತಿತು. ಹೊರಗೆ ಓಡಿ ಬಂದಿದ್ದ ಬಿ.ಬಿ. ಕಿಂಗ್ ಗಿಟಾರ್ ಒಳಗೇ ಉಳೀತು ಅಂತ ಮತ್ತೆ ಬೆಂಕಿಯೊಳಕ್ಕೆ ನುಗ್ಗಿದರು. ಆ ಇಬ್ಬರು ಹೊಡೆದಾಡಿದ್ದು ಲುಸಿಲ್ ಅನ್ನೋ ಹೆಣ್ಣಿಗಾಗಿ ಅಂತ ಆಮೇಲೆ ಗೊತ್ತಾಯಿತಂತೆ. ಇನ್ನೊಮ್ಮೆ ಅಂಥ ಹುಚ್ಚು ಕೆಲಸ ಮಾಡಬಾರದು ಅಂತ ನೆನಪಿಗೆ ಆ ಹೆಸರು ಇಟ್ಟುಕೊಂಡರು.

ಮಗಳಿಗೆ ಅವರ ಎಡಗೈಯನ್ನ ತೋರಿಸು, ವೀಡಿಯೋ ಬೇಕಾದಷ್ಟಿವೆ. ಒಂದು ಬೆರಳನ್ನ ತಂತಿಯ ಮೇಲೆ ಊರಿ, ಹೆಬ್ಬೆರಳನ್ನ ಗಿಟಾರಿನಿಂದ ಬಿಡಿಸಿಕೊಂಡು, ಇಡೀ ಕೈಯನ್ನ ಚಿಟ್ಟೆ ರೆಕ್ಕೆ ಬಡಿದ ಹಾಗೆ ಅಲುಗಿಸುತ್ತಾರೆ. ಅವರ ಬಂಧು ಬುಕ್ಕಾ ವೈಟ್ ತಂತಿಯ ಮೇಲೆ ಸ್ಲೈಡ್ (ಬೆರಳಿಗೆ ಹಾಕುವ ಲೋಹದ ಇಲ್ಲವೇ ಗಾಜಿನ ಕೊಳವೆ) ಜಾರಿಸಿ ತೆಗೆಯುತ್ತಿದ್ದ ನಾದ ಇವರ ಕೈಗೆ ಹತ್ತಲಿಲ್ಲ. ಅದನ್ನೇ ಬರಿ ಬೆರಳಲ್ಲಿ ಹಿಡಿಯೋಕೆ ಹೋಗಿ ಈ ನಡುಕ ಒಲಿಯಿತು. ನಿಮ್ಮಮ್ಮ ವೀಣೆಯಲ್ಲಿ ಗಾಂಧಾರವನ್ನ ತೂಗುತ್ತಿದ್ದದ್ದು ನೆನಪಾಗುತ್ತೆ ನನಗೆ. ಸ್ವರ ಒಂದೇ, ಆದರೆ ನಿಂತಲ್ಲಿ ನಿಲ್ಲೋದಿಲ್ಲ. ರೀಗಲ್‌ನಲ್ಲಿ ಒಂದು ಹಾಡಿನಲ್ಲಿ ಗಂಡ ತಾನು ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಎಣಿಸುತ್ತ ಕೊನೆಗೆ ಏಳು ಮಕ್ಕಳ ಮಾತಿಗೆ ಬರುತ್ತಾನೆ. ಆ ಕ್ಷಣ ಇಡೀ ಥಿಯೇಟರ್ ಕಿರುಚುತ್ತೆ. ಆ ಕಿರುಚಾಟವನ್ನ ತೆಗೆದು ಆ ಸಾಲನ್ನಷ್ಟೇ ಕೇಳಿ ನೋಡು, ಸಪ್ಪೆ ಸಾರು.

ಈಗ ನಿನ್ನ ಹತ್ತಿರ ಒಂದು ತಪ್ಪೊಪ್ಪಿಗೆ. ಕೋರ್ಸ್ ಮುಗಿಸಿ ಊರಿಗೆ ಹೊರಟಾಗ ನಿನಗೊಂದು ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದೆ, ಇದೇ ಬಿ.ಬಿ. ಕಿಂಗ್ 1970ರ ಸೆಪ್ಟೆಂಬರ್ 10ರಂದು ಷಿಕಾಗೋದ ಕುಕ್ ಕೌಂಟಿ ಜೈಲಿನಲ್ಲಿ ಮಾಡಿದ ಕಛೇರಿ. ನಿನಗೆ ಮಾತು ಹಿಡಿಸೋದಿಲ್ಲ ಅಂತ ಮೊದಲ ಪರಿಚಯದ ಭಾಗವನ್ನ ಬಿಟ್ಟು ಹಾಡಿನಿಂದ ಕಾಪಿ ಮಾಡಿದ್ದೆ. ಹಾಗೆ ಮಾಡಬಾರದಿತ್ತು. ಅಲ್ಲೇ ಎಲ್ಲ ಇರೋದು. ನಿರೂಪಕಿ ಜೈಲಿನ ಮೇಲಿನವರನ್ನ ಪರಿಚಯಿಸುತ್ತಾರೆ. ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನ ಹೆಸರು ಹೇಳಿದ ಕೂಡಲೇ ಕೈದಿಗಳೆಲ್ಲ ಒಟ್ಟಾಗಿ ಬೂ ಅಂತ ಧಿಕ್ಕಾರ ಕೂಗುತ್ತಾರೆ. ಮುಖ್ಯ ನ್ಯಾಯಾಧೀಶರ ಹೆಸರಿಗೂ ಅದೇ ಕೂಗು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಪ್ಪು ಹುಡುಗರು, ಎಷ್ಟೋ ಮಂದಿ ಇನ್ನೂ ವಿಚಾರಣಾಧೀನ ಕೈದಿಗಳು, ಜಾಮೀನಿಗೆ ಕಾಸಿಲ್ಲದೆ ಒಳಗೇ ಉಳಿದವರು. ಆ ಕೂಗಿನ ಬೆನ್ನಿಗೇ ಬಿ.ಬಿ. ಕಿಂಗ್ ಬರುತ್ತಾರೆ. ಈಗ ತಾನೇ ಅಷ್ಟು ಸಿಟ್ಟಿನಿಂದ ಕೂಗಿದ ಅದೇ ಗಂಟಲುಗಳು ನಿಧಾನದ ಹಾಡಿಗೆ ಬಂದಾಗ ಮೆತ್ತಗಾಗುತ್ತವೆ. ಇಪ್ಪತ್ತು ವರ್ಷದ ಹಿಂದಿನ ತಮ್ಮ ಮೊದಮೊದಲ ಹಾಡುಗಳನ್ನ ಅವರು ಎತ್ತಿಕೊಂಡಾಗ ನಗು, ಶಿಳ್ಳೆ, ಯಾರೋ ಒಬ್ಬನ ಹೌದೌದು ಅನ್ನೋ ದನಿ. ಮೊದಲ ಆ ಬೂ ಕೇಳದಿದ್ದರೆ ಕೊನೆಯ ಈ ಮೆದುದನಿ ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗಬೇಕು? ಅಲ್ಲಿಂದ ಮುಂದೆ ಅವರು ಎಷ್ಟೋ ಜೈಲುಗಳಿಗೆ ಹೋಗಿ ದುಡ್ಡು ತಗೊಳ್ಳದೆ ಹಾಡಿದರು.

ಇನ್ನೊಂದು ರಾತ್ರಿ ಇದೆ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಆಡಿಟೋರಿಯಂಗೆ ಬಿ.ಬಿ. ಕಿಂಗ್ ಬಂದಿಳಿದಾಗ ಎದುರಿಗೆ ಉದ್ದ ಕೂದಲು ಬಿಟ್ಟ ಬಿಳಿ ಹುಡುಗರ ಗುಂಪು. ಅಲ್ಲಿಯವರೆಗೆ ಅವರ ಕೇಳುಗರು ಬಹುಪಾಲು ಕಪ್ಪು ಜನವೇ ತಾನೇ, ಜಾಗ ತಪ್ಪಿ ಬಂದೆವು ಅಂದುಕೊಂಡರಂತೆ. ಹೆಸರು ಕರೆದು ವೇದಿಕೆಗೆ ಬಂದಾಗ, ಇನ್ನೂ ಒಂದು ಸ್ವರ ನುಡಿಸಿಲ್ಲ, ಇಡೀ ಸಭೆ ಎದ್ದು ನಿಂತಿತ್ತು. ಅವರು ಅತ್ತುಬಿಟ್ಟರು.

ಈಗ ಗಿಟಾರಿಗ ಸ್ಟೀವಿ ರೇ ವಾನ್. ಇವನ ವಿಷಯ ಬಂದರೆ ನಾನು ಬೇಗ ನಿಲ್ಲಿಸೋದಿಲ್ಲ ಅಂತ ನಿನಗೆ ಗೊತ್ತು. 1982ರ ಜುಲೈ 17, ಸ್ವಿಟ್ಜರ್‌ಲೆಂಡಿನ ಮೊಂತ್ರೋ ಜಾಝ್ ಉತ್ಸವ. ಟೆಕ್ಸಾಸಿನ ಹುಡುಗ, ಇಪ್ಪತ್ತೇಳು ವರ್ಷ, ಕೈಯಲ್ಲಿ ಯಾವ ರೆಕಾರ್ಡ್ ಕಂಪನಿಯ ಕರಾರೂ ಇಲ್ಲ. ಜೊತೆಗೆ ಇಬ್ಬರೇ: ಬೇಸ್‌ಗೆ ಟಾಮಿ ಶ್ಯಾನನ್, ಡ್ರಮ್ಸ್‌ಗೆ ಕ್ರಿಸ್ ಲೇಟನ್. ಆ ರಾತ್ರಿ ಹೆಚ್ಚಾಗಿ ಅಕೂಸ್ಟಿಕ್ ಬ್ಲೂಸ್, ಮೆಲ್ಲಗೆ ಕೇಳೋಕೆ ಬಂದ ಜನ. ಇವನ ತಂತಿಗಳೋ ಸಾಮಾನ್ಯ ಗಿಟಾರಿಗರು ಹಾಕದಷ್ಟು ದಪ್ಪ, ಎಲ್ಲಕ್ಕಿಂತ ಸಣ್ಣ ತಂತಿಯೇ ಹದಿಮೂರು ಗೇಜ್, ಅಂದರೆ ಇಂಚಿನ ಸಾವಿರದಲ್ಲಿ ಹದಿಮೂರು ಪಾಲು ದಪ್ಪ. ಶ್ರುತಿಯನ್ನ ಅರ್ಧ ಸ್ವರ ಕೆಳಗಿಳಿಸಿ, ಆ ದಪ್ಪ ತಂತಿಯನ್ನ ಬೆರಳಿಂದ ತಳ್ಳಿ ಸ್ವರ ಏರಿಸುತ್ತಿದ್ದ. ಬೆರಳ ತುದಿಯ ಚರ್ಮ ಕಿತ್ತುಬಂದರೆ ಸೂಪರ್ ಗ್ಲೂ ಹಾಕಿ ಅಂಟಿಸಿಕೊಂಡು ಮತ್ತೆ ನುಡಿಸಿದವನು ಅವನು. ಆ ಸದ್ದನ್ನ ಆ ಸಭೆಯಲ್ಲಿ ಕೆಲವರು ತಡೆದುಕೊಳ್ಳಲಿಲ್ಲ. ಒಂದು ಹಾಡು ಮುಗಿದ ಮೇಲೆ ಬೂ ಶುರುವಾಗುತ್ತೆ. ಚಪ್ಪಾಳೆಯೂ ಇದೆ, ಅದರ ಮೇಲೆ ಬೂ. ಮುಂದಿನ ಹಾಡಿಗೂ ಅದೇ.

ನಾನು ಆ ವೀಡಿಯೋವನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಅವನು ನಿಲ್ಲಿಸೋದಿಲ್ಲ, ಜನರನ್ನ ಬೈಯೋದೂ ಇಲ್ಲ. ನಿಧಾನದ ಹಾಡಿಗೆ ಇಳಿದು ಒಂದು ಸ್ವರವನ್ನ ಮೇಲಕ್ಕೆ ತಳ್ಳಿ ಅಲ್ಲೇ ಹಿಡಿದುಬಿಡುತ್ತಾನೆ, ಕಣ್ಣು ಮುಚ್ಚಿ. ಬೂ ಅಂದವರಿಗೆ ಅವನ ಉತ್ತರ ಆ ಸ್ವರದಲ್ಲೇ ಇದೆ ಅಂತ ನಾನು ನಂಬಿದ್ದೀನಿ.

ಆ ಊರಿಂದಲೇ ಅವನ ಬಾಗಿಲು ತೆರೆದದ್ದು. ಮೊಂತ್ರೋದಲ್ಲಿ ಅವನನ್ನ ಮೆಚ್ಚಿಕೊಂಡ ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ತನ್ನ ಮುಂದಿನ ಆಲ್ಬಮ್‌ಗೆ ಗಿಟಾರ್ ನುಡಿಸೋಕೆ ಕರೆದ. ಅಲ್ಲಿನ ಕ್ಯಾಸಿನೋದ ಬಾರ್‌ನಲ್ಲಿ ಇವರ ಜೊತೆ ಕೂಡಿ ನುಡಿಸಿದ ಅಮೆರಿಕದ ಗಾಯಕ ಜ್ಯಾಕ್ಸನ್ ಬ್ರೌನ್ ಲಾಸ್ ಏಂಜಲೀಸ್‌ನ ತನ್ನ ಸ್ಟುಡಿಯೋವನ್ನ ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟ. ಅದೇ ನವೆಂಬರಿನಲ್ಲಿ ಮೂರು ದಿನದೊಳಗೆ ರೆಕಾರ್ಡ್ ಮಾಡಿದ್ದು 1983ರಲ್ಲಿ ಅವನ ಮೊದಲ ಆಲ್ಬಮ್ ಆಗಿ ಬಂತು. ಬೂ ಅನ್ನಿಸಿಕೊಂಡ ಆ ರಾತ್ರಿಯ ಒಂದು ಹಾಡು ಇದ್ದ ಸಂಕಲನಕ್ಕೆ 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ವರ್ಷ ಜುಲೈನಲ್ಲಿ ಅವನು ಮತ್ತೆ ಮೊಂತ್ರೋಗೆ ಹೋದ. ಈ ಸಲ ಜನ ಅವನನ್ನ ಬಿಡಲೊಲ್ಲರು. ಎರಡೂ ರಾತ್ರಿಗಳನ್ನ ಒಂದರ ಹಿಂದೊಂದು ನೋಡು. ಇಬ್ಬರಿಗೂ ಹೇಳ್ತೀನಿ, ಮಗಳಿಗೂ ನಿನಗೂ: 1985ರದು ಇನ್ನೂ ದೊಡ್ಡ ಕಛೇರಿ, ಆದರೆ ನನಗೆ ಬೇಕಾದ್ದು 1982ರದೇ.

ಐರ್ಲೆಂಡಿನ ಗಿಟಾರಿಗ ರೋರಿ ಗ್ಯಾಲಗರ್ ಬಗ್ಗೆಯೂ ಎರಡು ಮಾತು. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಜಗಳ ಹತ್ತಿ ಬಾಂಬು, ಗುಂಡು ದಿನನಿತ್ಯದ ಮಾತಾಗಿದ್ದಾಗ ಹೊರಗಿನ ತಂಡಗಳು ಆ ಊರಿನ ಕಡೆ ತಲೆ ಹಾಕುತ್ತಿರಲಿಲ್ಲ. ರೋರಿ ಮಾತ್ರ ಬಿಡದೆ ಬರುತ್ತಿದ್ದ. 1974ರ ಜನವರಿಯ ಹೊತ್ತಿನ ಐರ್ಲೆಂಡ್ ಪ್ರವಾಸದಲ್ಲೂ ಅಲ್ಲಿನ ಅಲ್ಸ್ಟರ್ ಹಾಲ್‌ನಲ್ಲಿ ನುಡಿಸಿದ. ಕ್ಯಾಥೊಲಿಕ್ ಹುಡುಗರು, ಪ್ರಾಟೆಸ್ಟೆಂಟ್ ಹುಡುಗರು ಭುಜಕ್ಕೆ ಭುಜ ತಾಗಿಸಿ ನಿಂತು ಕೇಳಿದರು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುವವರು. ಅವನ ಕೈಯಲ್ಲಿದ್ದದ್ದು ಬಣ್ಣವೆಲ್ಲ ಉದುರಿ ಒಳಗಿನ ಮರ ಕಾಣುವ 1961ರ ಸ್ಟ್ರ್ಯಾಟೊಕ್ಯಾಸ್ಟರ್ ಅನ್ನೋ ಎಲೆಕ್ಟ್ರಿಕ್ ಗಿಟಾರ್. ಕಾರ್ಕ್ ನಗರದಲ್ಲಿ ಹುಡುಗನಾಗಿದ್ದಾಗ ನೂರು ಪೌಂಡಿಗೆ ಕೊಂಡದ್ದು, ಸಾಯುವವರೆಗೂ ಅದನ್ನ ಬಿಡಲಿಲ್ಲ. ಆ ಪ್ರವಾಸದ ರೆಕಾರ್ಡಿಂಗಿನಲ್ಲಿ ಜನ ಕಾಲು ಬಡಿಯುವ ಸದ್ದು ಇದೆಯಲ್ಲ, ಅದನ್ನ ಹೆಡ್‌ಫೋನ್ ಹಾಕಿ ಕೇಳು.

ಅಮೆರಿಕದ ಆಲ್ಮನ್ ಬ್ರದರ್ಸ್ ತಂಡ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸಿದ್ದನ್ನ ಮಗಳು ಸ್ವಲ್ಪ ಪಳಗಿದ ಮೇಲೆ ಕೇಳಿಸು. ಒಂದೇ ಹಾಡು 23 ನಿಮಿಷ ಇದೆ, ಈಗಲೇ ಕೊಟ್ಟರೆ ಬೇಸತ್ತಾಳು. ಅದರಲ್ಲಿ ಔಷಧಿಯ ಗಾಜಿನ ಸೀಸೆಯನ್ನ ಬೆರಳಿಗೆ ಹಾಕಿಕೊಂಡು ಸ್ಲೈಡ್ ನುಡಿಸಿದ ಡ್ವೇನ್ ಆಲ್ಮನ್ ಅದೇ ಅಕ್ಟೋಬರಿನಲ್ಲಿ ಬೈಕ್ ಅಪಘಾತದಲ್ಲಿ ಹೋದ, 24ನೇ ವಯಸ್ಸಿಗೆ.

ಸ್ಟೀವಿಯ ಕೊನೆಯ ರಾತ್ರಿಯೂ ವೇದಿಕೆಯ ಮೇಲೇ. 1990ರ ಆಗಸ್ಟ್ 26, ವಿಸ್ಕಾನ್ಸಿನ್‌ನ ಆಲ್ಪೈನ್ ವ್ಯಾಲಿ. ಕೊನೆಯ ಹಾಡಿಗೆ ಎರಿಕ್ ಕ್ಲ್ಯಾಪ್ಟನ್, ಬಡ್ಡಿ ಗೈ, ರಾಬರ್ಟ್ ಕ್ರೇ, ಸ್ವಂತ ಅಣ್ಣ ಜಿಮ್ಮಿ ಎಲ್ಲ ಒಟ್ಟಿಗೆ ನಿಂತು ನುಡಿಸಿದರು. ಆಮೇಲೆ ಅವನು ಹತ್ತಿದ ಹೆಲಿಕಾಪ್ಟರ್ ಪಕ್ಕದ ಗುಡ್ಡಕ್ಕೆ ಬಡಿಯಿತು. 35 ವರ್ಷ. ಇದಕ್ಕಿಂತ ಹೆಚ್ಚು ಬರೆಯೋಕೆ ನನಗೆ ಆಗೋದಿಲ್ಲ.

ಅಂದು ಅವನ ಜೊತೆ ನಿಂತಿದ್ದ ಬಡ್ಡಿ ಗೈ ಅವರನ್ನ ನಾನು ಕಣ್ಣಾರೆ ನೋಡಿದೆ. 2011ರ ಫೆಬ್ರವರಿ, ಮುಂಬೈಯ ಬಾಂದ್ರಾದ ಮೆಹಬೂಬ್ ಸ್ಟುಡಿಯೋ, ಮಹೀಂದ್ರಾ ಬ್ಲೂಸ್ ಉತ್ಸವದ ಮೊದಲ ವರ್ಷ. ನಿನ್ನನ್ನೂ ಕರೆದಿದ್ದೆ, ರಜೆ ಸಿಗಲಿಲ್ಲ ಅಂದೆ. ನಾನೊಬ್ಬನೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಅವರಿಗೆ ಆಗ 74. ಲೂಸಿಯಾನಾದ ಹಳ್ಳಿಯಲ್ಲಿ ಮನೆಯಲ್ಲೇ ಮಾಡಿಕೊಂಡ ಎರಡು ತಂತಿಯ ವಾದ್ಯದಿಂದ ಕಲಿತು, 1957ರಲ್ಲಿ ಷಿಕಾಗೋಗೆ ಬಂದವರು. ಜೋರಾಗಿ ನುಡಿಸುತ್ತಿದ್ದವರು ಒಮ್ಮೆಲೇ ಕೈ ತಗ್ಗಿಸಿದರು. ಎಷ್ಟು ತಗ್ಗಿಸಿದರು ಅಂದರೆ, ನನ್ನ ಪಕ್ಕದವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವನು ಅರ್ಧಕ್ಕೇ ಕೈ ನಿಲ್ಲಿಸಿದ. ಆಮೇಲೆ ವೇದಿಕೆ ಇಳಿದು ನುಡಿಸುತ್ತಲೇ ಜನರ ನಡುವೆ ಬಂದರು. ಹುಡುಗನಾಗಿದ್ದಾಗ ಬ್ಯಾಟನ್ ರೂಜ್‌ನಲ್ಲಿ ಗಿಟಾರ್ ಸ್ಲಿಮ್ ಅನ್ನೋ ಬ್ಲೂಸ್ ಗಿಟಾರಿಗ ಹೀಗೆಯೇ ಉದ್ದದ ವೈರು ಎಳೆದುಕೊಂಡು ಸಭಾಂಗಣದ ಹಿಂಬಾಗಿಲಿಂದ ನುಡಿಸುತ್ತ ಬಂದದ್ದನ್ನ ನೋಡಿ ಅವರು ಕಲಿತದ್ದು ಇದು. ನನ್ನಿಂದ ಒಂದು ಮೊಳ ದೂರದಲ್ಲಿ ನಿಂತರು. ಗಿಟಾರಿನ ನಾದ ದೂರದ ಸ್ಪೀಕರಿಂದ ಬರುತ್ತಿತ್ತು. ಆದರೆ ತಂತಿ ಮೀಟುವ ಪ್ಲೆಕ್ಟ್ರಮ್ ಬಿಲ್ಲೆ ತಂತಿಗೆ ತಾಗುವ ಟಿಕ್ ಟಿಕ್ ಸದ್ದು ಎದುರಿಂದಲೇ, ನಾದಕ್ಕಿಂತ ಒಂದು ಕೂದಲೆಳೆ ಮೊದಲು, ನನಗೆ ಕೇಳಿಸಿತು. ಆ ಟಿಕ್ ಟಿಕ್ ಇವತ್ತಿಗೂ ಕಿವಿಯಲ್ಲಿದೆ.

ಅವರ ಗಿಟಾರಿನ ಮೇಲೆ, ಅಂಗಿಯ ಮೇಲೆ ದುಂಡು ಚುಕ್ಕೆಗಳಿರುತ್ತವಲ್ಲ, ಅದಕ್ಕೊಂದು ಕಾರಣ ಇದೆ. ಷಿಕಾಗೋಗೆ ಹೊರಡುವಾಗ ಕಾಯಿಲೆಯ ಅಮ್ಮನಿಗೆ, ದುಡ್ಡು ಮಾಡಿ ಚುಕ್ಕೆ ಚುಕ್ಕೆ ಬಣ್ಣದ ಕ್ಯಾಡಿಲಾಕ್ ಕಾರಲ್ಲಿ ಬರ್ತೀನಿ ಅಂದಿದ್ದರಂತೆ, ಸಮಾಧಾನಕ್ಕೆ ಹೇಳಿದ ಸುಳ್ಳು. 1968ರಲ್ಲಿ ಅಮ್ಮ ತೀರಿಕೊಂಡರು, ಮಗ ನುಡಿಸೋದನ್ನ ಒಮ್ಮೆಯೂ ನೋಡಲಿಲ್ಲ. ಆ ಚುಕ್ಕೆಗಳು ಅಮ್ಮನಿಗೆ.

ಇಷ್ಟೆಲ್ಲ ಬರೆದೆ, ಆದರೆ ಮಗಳಿಗೆ ಮೊಟ್ಟಮೊದಲು ತೋರಿಸಬೇಕಾದ್ದು ಬೇರೆ. 1964ರ ಮೇ 7, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಮುಚ್ಚಿಹೋಗಿದ್ದ ವಿಲ್ಬ್ರಹಾಂ ರೋಡ್ ರೈಲು ನಿಲ್ದಾಣದಲ್ಲಿ ಟೀವಿಯವರು ಮಾಡಿಸಿದ ಕಛೇರಿ. ಒಂದು ಪ್ಲಾಟ್‌ಫಾರಂ ಮೇಲೆ ಕಲಾವಿದರು, ಹಳಿಗಳ ಆಚೆ ಎದುರು ಪ್ಲಾಟ್‌ಫಾರಂ ಮೇಲೆ ಕೇಳುಗರು. ಷಿಕಾಗೋದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಕೂಡ ಇದ್ದರು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಕುದುರೆ ಗಾಡಿಯಲ್ಲಿ ಬಂದಿಳಿಯುತ್ತಾರೆ. ಚರ್ಚಿನ ಹಾಡುಗಳನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ ಹೆಣ್ಣುಮಗಳು, ಆಮೇಲೆ ಬಂದ ಎಷ್ಟೋ ಗಂಡಸರಿಗೆ ದಾರಿ ತೋರಿದವರು. ಆ ಹೊತ್ತಿಗೆ ಸರಿಯಾಗಿ ಮಳೆ. ಆಕೆ ಅಂದುಕೊಂಡಿದ್ದ ಹಾಡನ್ನ ಬಿಟ್ಟು ಮಳೆಯ ಹಾಡನ್ನೇ ಮೊದಲು ಎತ್ತಿಕೊಂಡರು. ಮೈಮೇಲಿನ ದೊಡ್ಡ ಕೋಟು ತೆಗೆಯದೆ, ಬಿಳಿ ಗಿಟಾರನ್ನ ಕೊರಳಿಗೆ ಹಾಕಿಕೊಂಡು, ಒದ್ದೆ ಪ್ಲಾಟ್‌ಫಾರಂ ಮೇಲೆ ನಿಂತು ನುಡಿಸುತ್ತಾರೆ ನೋಡು!

ಅದನ್ನ ತೋರಿಸುವಾಗ ಹಳಿಗಳ ಆಚೆ ನೆನೆಯುತ್ತ ಕೂತು ಚಪ್ಪಾಳೆ ತಟ್ಟುವ ಹುಡುಗ ಹುಡುಗಿಯರನ್ನೂ ತೋರಿಸು. ಮಗಳು ಏನಂದಳು ಅಂತ ಬರಿ.

ನಿನ್ನ,
ಹಳೆಯ ರೂಮ್‌ಮೇಟ್